3 ಚದರದ ವಸತಿ ಯೋಜನೆ ಮನೆ: ಸ್ವಯಂಸೇವಕರು ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು?

ಮೂಡಲಪಾಯ

ಎಲ್ಲರಿಗೂ ನಮಸ್ಕಾರ. ನಮ್ಮ ಯುವಕ ಸಂಘ, ಕಾಲೇಜಿನ ಎನ್‌ಎಸ್‌ಎಸ್ ಘಟಕ ಸೇರಿ ಒಂದೇ ಪಂಚಾಯಿತಿಯ 6 ಕುಟುಂಬಗಳ ಮನೆ ಮುಗಿಸಲು ಕೈಜೋಡಿಸಬೇಕೆಂದಿದ್ದೇವೆ. 4 ಮನೆ ಪಿಎಂ ಆವಾಸ್ ಗ್ರಾಮೀಣದವು, 2 ಬಸವ ವಸತಿಯವು. ಕಾಮಗಾರಿ ಆದೇಶ ಎಲ್ಲರ ಕೈಯಲ್ಲಿದೆ. ಇಬ್ಬರದು ತಳಪಾಯ ಆಗಿದೆ, ಒಂದು ಮನೆ ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ) ಮಟ್ಟಕ್ಕೆ ನಿಂತು ವರ್ಷವಾಯಿತು, ಉಳಿದ ಮೂವರು ಶುರುವೇ ಮಾಡಿಲ್ಲ. ಭಾನುವಾರ 25–30 ಜನ ಕೆಲಸಕ್ಕೆ ಸಿಗುತ್ತಾರೆ. ಸಂಘದಲ್ಲಿ ದೊಡ್ಡ ದುಡ್ಡಿಲ್ಲ. ನಮ್ಮ ಶ್ರಮ ಎಲ್ಲಿ ಹಾಕಿದರೆ ಮನೆಗಳು ನಿಜವಾಗಿ ಮುಗಿಯುತ್ತವೆ? ಅಳತೆ, ಲೆಕ್ಕ ಸಮೇತ ಹೇಳಿದರೆ ಉಪಕಾರ.

ಪಂಚಾಯ್ತಿಕಟ್ಟೆ

ಗುದ್ದಲಿ ಹಿಡಿಯೋ ಮೊದಲು ಕಾಗದ ಹಿಡೀರಿ ಸರ್. ಈ ಯೋಜನೆಗಳಲ್ಲಿ ಪೂರ್ತಿ ಹಣ ಮುಂಗಡವಾಗಿ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ಹಂತ ಮುಗಿದ ಮೇಲೆ ಜಿಪಿಎಸ್ ಫೋಟೋ ಏರಿ, ಪರಿಶೀಲನೆ ಆಗಿ, ಆಮೇಲೆ ಫಲಾನುಭವಿಯ ಖಾತೆಗೆ ಜಮಾ. ಅಂದರೆ ಹಂತ ಮುಗಿಸುವ ಖರ್ಚನ್ನು ಮನೆಯವರು ಮೊದಲು ತಮ್ಮ ಕೈಯಿಂದಲೇ ಹಾಕಬೇಕು. ಪಿಎಂ ಆವಾಸ್‌ನಲ್ಲಿ ಬಯಲು ಪ್ರದೇಶಕ್ಕೆ ಸಿಗುವುದು 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ. ಅಷ್ಟರಲ್ಲಿ ಮನೆ ಮುಗಿಯುವುದಿಲ್ಲ ಅನ್ನುವುದು ಪಂಚಾಯಿತಿಗೂ ಗೊತ್ತು, ಮೇಸ್ತ್ರಿಗೂ ಗೊತ್ತು.

ಆರೂ ಮನೆಗಳಿಗೆ ಒಂದೊಂದು ಫೈಲು ಮಾಡಿ, ಇಷ್ಟನ್ನು ನೋಡಿಕೊಳ್ಳಿ.

ಹೆಸರು. ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಕಾಮಗಾರಿ ಆದೇಶ ನಾಲ್ಕರಲ್ಲೂ ಒಂದೇ ಹೆಸರಿರಬೇಕು. ಒಂದರಲ್ಲಿ ‘ಲಕ್ಷ್ಮಮ್ಮ’, ಇನ್ನೊಂದರಲ್ಲಿ ‘ಲಕ್ಷ್ಮೀದೇವಮ್ಮ’ ಅಂತಿದ್ದರೆ ಹಣ ಅಲ್ಲೇ ಕೂತಿರುತ್ತದೆ.

ಬ್ಯಾಂಕು. ಪಾಸ್‌ಬುಕ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಆ ಖಾತೆಗೇ ಹಣ ಬರುತ್ತದೆ ಅಂತೇನಿಲ್ಲ. ಆಧಾರ್ ಆಧಾರಿತ ಪಾವತಿಯಾದರೆ ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿ (ಆಧಾರ್‌ಗೆ ಬ್ಯಾಂಕು ಜೋಡಿಸಿದ ದಾಖಲೆ) ಯಾವ ಬ್ಯಾಂಕು ಇದೆಯೋ ಅಲ್ಲಿಗೆ ಹೋಗುತ್ತದೆ. ಯಾವುದೋ ಕಾಲದಲ್ಲಿ ಮೇಳದಲ್ಲಿ ತೆರೆದು ಮರೆತ ಖಾತೆಗೆ ಹಣ ಬಿದ್ದು, ಮನೆಯವರು ‘ಬಂದೇ ಇಲ್ಲ’ ಅಂತ ಪಂಚಾಯಿತಿಗೆ ಅಲೆಯುವುದು ತೀರಾ ಮಾಮೂಲು. ಬ್ಯಾಂಕಿಗೆ ಕರೆದುಕೊಂಡು ಹೋಗಿ ಮ್ಯಾಪಿಂಗ್ ಯಾವುದಕ್ಕಿದೆ, ಖಾತೆ ಚಾಲ್ತಿಯಲ್ಲಿದೆಯೇ ಎಂದು ಕೇಳಿಸಿ. ಅರ್ಧ ದಿನದ ಕೆಲಸ.

ನಿವೇಶನ. ನಮೂನೆ 9 ಮತ್ತು 11 (ಪಂಚಾಯಿತಿಯ ಆಸ್ತಿ, ತೆರಿಗೆ ದಾಖಲೆ) ಯಾರ ಹೆಸರಿನಲ್ಲಿದೆ? ತೀರಿಕೊಂಡ ಮಾವನ ಹೆಸರಲ್ಲಿದ್ದರೆ ಪೌತಿ ಖಾತೆ ಆಗಬೇಕು, ಅಣ್ಣತಮ್ಮಂದಿರ ಜಂಟಿ ಜಾಗವಾದರೆ ವಿಭಾಗ ಅಥವಾ ದಾನಪತ್ರ ನೋಂದಣಿ ಆಗಬೇಕು. ಬಾಯಿಮಾತಿನ ಒಪ್ಪಿಗೆ ಗೋಡೆ ಏಳುವ ತನಕ ಮಾತ್ರ. ಹಕ್ಕುಪತ್ರದ ಜಾಗವಾದರೆ ಅದರ ಹಿಂದಿನ ಷರತ್ತು ಓದಿ ಹೇಳಿ; ಇಷ್ಟು ವರ್ಷ ಪರಭಾರೆ ಮಾಡಕೂಡದು ಅಂತಿರುತ್ತದೆ.

ಫೋಟೋ. ಮೊದಲು ಖಾಲಿ ನಿವೇಶನದ ಫೋಟೋ ತೆಗೆದ ಜಾಗವೇ ಕೊನೆಯ ತನಕದ ಜಾಗ. ಆಮೇಲೆ ‘ವಾಸ್ತು ಸರಿ ಇಲ್ಲ’ ಅಂತ ಇನ್ನೊಂದು ನಿವೇಶನದಲ್ಲಿ ಕಟ್ಟಿದರೆ ಮುಂದಿನ ಹಂತ ಏರುವುದಿಲ್ಲ. ಆದೇಶಕ್ಕಿಂತ ಹಿಂದಿನ ಹಳೇ ತಳಪಾಯ ತೋರಿಸಿದರೂ ತಿರಸ್ಕಾರ.

ಲಿಂಟಲ್‌ಗೆ ನಿಂತ ಮನೆಯ ಸ್ಥಿತಿ ಇವತ್ತೇ ಆನ್‌ಲೈನ್‌ನಲ್ಲಿ ನೋಡಿ. ಪ್ರಗತಿ ಇಲ್ಲದ ಮನೆಗಳನ್ನು ಬ್ಲಾಕ್ ಮಾಡುತ್ತಾರೆ, ಅಂದರೆ ಆನ್‌ಲೈನ್‌ನಲ್ಲಿ ತಡೆಹಿಡಿಯುತ್ತಾರೆ. ಆಗಿದ್ದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೂಲಕ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ, ಅಲ್ಲಿಂದ ಮೇಲಕ್ಕೆ ಕೋರಿಕೆ ಹೋಗಬೇಕು. ಅದು ತೆರವಾಗದೆ ಒಂದು ಮೂಟೆ ಸಿಮೆಂಟೂ ತರಿಸಬೇಡಿ.

ಲೆಕ್ಕದಪುಸ್ತಕ

ಕಾಗದದ ನಂತರದ್ದು ಅಳತೆ. ನನ್ನ ಪ್ರಕಾರ ಈ ಮನೆಗಳು ನಿಲ್ಲುವುದು ಲಿಂಟಲ್‌ನಲ್ಲಿ ಅಲ್ಲ, ತಳಪಾಯದ ದಾರ ಕಟ್ಟಿದ ದಿನವೇ. ‘ತಳಪಾಯ ಒಂದೇ ಸಲ ಹಾಕೋದು, ದೊಡ್ಡದಾಗೇ ಇರಲಿ’ ಅಂತ 30×20 ಅಡಿಗೆ ದಾರ ಎಳೆಯುತ್ತಾರೆ. ಅದು 6 ಚದರ (ಒಂದು ಚದರ ಅಂದರೆ 100 ಚದರ ಅಡಿ). ಯೋಜನೆ ಕೇಳುವುದು ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ 270 ಚದರ ಅಡಿ ಅಷ್ಟೆ.

20×15 ಅಡಿ ಹೊರ ಅಳತೆಗೆ, ಅಂದರೆ 3 ಚದರಕ್ಕೆ, ನಡುವೆ ಒಂದು ಅಡ್ಡಗೋಡೆ ಸೇರಿ ಗೋಡೆಯ ಒಟ್ಟು ಓಟ ಸುಮಾರು 81 ಅಡಿ. 30×20ಕ್ಕೆ ಒಳಗೋಡೆಗಳು ಸೇರಿ 150 ಅಡಿ ದಾಟುತ್ತದೆ. ಕಲ್ಲು, ಗಾರೆ, ಕೂಲಿ ಎಲ್ಲ ಹೆಚ್ಚುಕಡಿಮೆ ಎರಡು ಪಟ್ಟು. ಬರುವ ಕಂತು ಮಾತ್ರ ಎರಡಕ್ಕೂ ಒಂದೇ.

3 ಚದರಕ್ಕೆ ಅಂದಾಜು ಹೀಗೆ. 16×8×6 ಇಂಚಿನ ಕಾಂಕ್ರೀಟ್ ಬ್ಲಾಕು, 9 ಅಡಿ ಎತ್ತರ, ಬಾಗಿಲು ಕಿಟಕಿ ಕಳೆದು, ಒಡೆಯುವುದು ಸೇರಿಸಿ 750. ಸಿಮೆಂಟು ಬೆಡ್ ಕಾಂಕ್ರೀಟಿಗೆ 5 ಮೂಟೆ, ಕಲ್ಲು ಕಟ್ಟಡಕ್ಕೆ 17, ಪ್ಲಿಂತ್ ಬೆಲ್ಟಿಗೆ (ತಳಪಾಯದ ತಲೆಯ ಕಾಂಕ್ರೀಟ್ ಪಟ್ಟಿ) 4, ಬ್ಲಾಕ್ ಕಟ್ಟಲು 6, ಲಿಂಟಲ್ ಮತ್ತು ಸಜ್ಜಾಕ್ಕೆ 5, ನಾಲ್ಕೂವರೆ ಇಂಚಿನ ಸ್ಲ್ಯಾಬಿಗೆ 26, ಉಳಿದದ್ದು ನೆಲ ಮತ್ತು ಪ್ಲಾಸ್ಟರಿಂಗ್. ಒಟ್ಟು 95ರಿಂದ 100 ಮೂಟೆ. ಸ್ಲ್ಯಾಬಿಗೆ ಕಬ್ಬಿಣ 250 ಕೆಜಿ ಆಸುಪಾಸು. ನಿಖರ ಅಳತೆ ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ.

ಇನ್ನೂ ಶುರು ಮಾಡದ ಮೂರು ಮನೆಗಳನ್ನು 3 ಚದರಕ್ಕೆ ಒಪ್ಪಿಸುವುದೇ ನಿಮ್ಮ ಮೊದಲ ದೊಡ್ಡ ಸಹಾಯ. ಮುಂದೆ ಬೆಳೆಸುವ ಆಸೆ ಇದ್ದರೆ ಒಂದು ಪಕ್ಕದ ಮೂಲೆಯಲ್ಲಿ ಕಟ್ಟಡಕ್ಕೆ ಹಲ್ಲು ಬಿಟ್ಟು (ಮುಂದಿನ ಗೋಡೆ ಕಚ್ಚಿಕೊಳ್ಳಲು ಒಂದು ಸಾಲು ಬಿಟ್ಟು ಒಂದು ಸಾಲು ಚಾಚಿ) ಕಟ್ಟಲಿ. ಕಂಬಿ ಹೊರಗೆ ಬಿಡುವುದಾದರೆ ಸಿಮೆಂಟ್ ಹಾಲು ಬಳಿದು ಮುಚ್ಚಿಡಲಿ, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ತುಕ್ಕು ಒಳಗೆ ಇಳಿಯುತ್ತದೆ.

ಎರಿಹೊಲ

ಲೆಕ್ಕ ಛಲೋ ಐತ್ರಿ, ಆದ್ರ ಅದು ಕೆಂಪು ಮಣ್ಣಿಗೆ. ಎರಿ (ಕಪ್ಪು) ಮಣ್ಣಾಗ ಎರಡೂವರಿ ಫೂಟಿನ ತಳಪಾಯ ಹಾಕಿದ್ರ ಎರಡನೇ ಬ್ಯಾಸಗಿಗೆ ಕಿಟಕಿ ಮೂಲಿಯಿಂದ ಗ್ವಾಡಿ ಸೀಳತೈತಿ. ಮಳಿಗೆ ಮಣ್ಣು ಉಬ್ಬತೈತಿ, ಬಿಸಲಿಗೆ ಕುಗ್ಗಿ ಬಿರಿತೈತಿ, ಮ್ಯಾಲಿನ ಗ್ವಾಡಿ ಅದರ ಕೂಡ ಏಳತೈತಿ ಇಳಿತೈತಿ.

ಮೊದಲ ಒಂದು ಗುಂಡಿ ತಗದು ನೋಡ್ರಿ. ಬಿರುಕು ಎಲ್ಲಿ ಮಟ ಇಳದಾವ, ಗರಸು (ಗಟ್ಟಿ ಜಲ್ಲಿ ಮಣ್ಣು) ಎಷ್ಟಕ್ಕ ಹತ್ತತೈತಿ? 4–5 ಫೂಟಿನಾಗ ಗರಸು ಸಿಕ್ರ ಅಲ್ಲೀತನಕ ಹೋಗೂದ ಪಾಡ. ಸಿಗದಿದ್ರ ಬಿರುಕಿನ ಆಳ ದಾಟಿ ತಗದು, ಕೆಳಗ ಒಂದೂವರಿ ಫೂಟ್ ಗರಸು ಇಲ್ಲಾ ದಪ್ಪ ಉಸುಕು 6 ಇಂಚಿನ ಪದರ ಪದರ ಹಾಕಿ, ನೀರು ಬಿಟ್ಟು ಧಮ್ಮಸ್ ಹೊಡೀರಿ. ಕಲ್ಲಿನ ಕಟ್ಟಡದ ಮ್ಯಾಲೆ ಆರ್‌ಸಿಸಿ ಬೆಲ್ಟ್ ಬೇಕ ಬೇಕು, 6 ಇಂಚ್ ದಪ್ಪ, 10 ಎಂಎಂ ನಾಕು ಕಂಬಿ. ಮೂಲ್ಯಾಗ ಕಂಬಿ ಕತ್ತರಿಸಿ ಬಿಡಬಾರ್ದು, ಮಡಚಿ ಮುಂದಿನ ಗ್ವಾಡಿಗೆ ಒಯ್ಯಬೇಕು.

ಎಲ್ಲಾರೂ ತಪ್ಪೂದು ಇಲ್ಲೇ: ತಗದ ಎರಿ ಮಣ್ಣನ್ನ ತಳಪಾಯದ ಬಾಜೂಕ, ಮನಿ ಒಳಗ ತುಂಬತಾರ. ಪುಕ್ಕಟೆ ಸಿಗತೈತಿ ಅಂತ. ಒಳಗಿನ ಭರ್ತಿ ಪೂರಾ ಗರಸನ ಇರಬೇಕು, ಇಲ್ಲಾಂದ್ರ ಫರಸಿ ಎದ್ದು ನಿಲ್ಲತಾವ. ಮನಿ ಸುತ್ತ 3 ಫೂಟ್ ಅಗಲ ಹೊರಗ ಇಳಿಜಾರ ಕಟ್ಟಿ ಮಾಡ್ರಿ, ಬಚ್ಚಲ ನೀರು ಗ್ವಾಡಿ ಬುಡಕ್ಕ ನಿಲ್ಲಬಾರ್ದು. ಈ ಅಗಿಯೂದು, ತುಂಬೂದು, ಬಡಿಯೂದಕ್ಕ ನಿಮ್ಮ 30 ಹುಡುಗರು ಬರೋಬ್ಬರಿ.

ಮೂಡಲಪಾಯ

@ಎರಿಹೊಲ ಅಣ್ಣಾ, ನಮ್ಮದು ಕೆಂಪು ಮಣ್ಣು, ಎರಡು ಅಡಿ ಕೆಳಗೆ ಗಟ್ಟಿ ನೆಲ. ಆದರೆ ಒಂದು ನಿವೇಶನ ಹಳೇ ಕೆರೆ ಅಂಚಿನ ಮೆಕ್ಕಲು ಜಾಗ, ಅದಕ್ಕೆ ನೀವು ಹೇಳಿದಂತೆ ಗುಂಡಿ ತೆಗೆಸುತ್ತೇವೆ. ಇನ್ನೊಂದು ಪ್ರಶ್ನೆ: ಕಾಂಕ್ರೀಟ್ ಬ್ಲಾಕಿನ ಬದಲು ಮಣ್ಣಿನ ಇಟ್ಟಿಗೆಯನ್ನು ನಾವೇ ಒತ್ತಿದರೆ ಖರ್ಚು ಇಳಿಯುತ್ತದೆಯೇ?

ಮಣ್ಣಿಟ್ಟಿಗೆ

ಇಳಿಯುತ್ತದೆ, ಕೆಲಸದವರು ಪುಕ್ಕಟೆ ಇದ್ದರೆ ಮಾತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಇದರ ಮೇಲೆ ದಶಕಗಳ ಕೆಲಸ ಮಾಡಿದೆ. ಕೈಯಿಂದ ಒತ್ತುವ ಮರ್ದಿನಿ ಯಂತ್ರ ಅಲ್ಲಿಂದ ಬಂದದ್ದು. ನಿಮ್ಮ ಮನೆಗೆ 230×190×100 ಮಿಮೀ ಇಟ್ಟಿಗೆ, ಏಳೂವರೆ ಇಂಚಿನ ಗೋಡೆಯಾದರೆ 2,350 ಬೇಕು. ಒಂದು ಯಂತ್ರ, 6–8 ಜನ, ದಿನಕ್ಕೆ 400–500. 7% ಸಿಮೆಂಟು ಹಾಕಿದರೆ ಒಂದು ಮೂಟೆಗೆ ಸುಮಾರು 90 ಇಟ್ಟಿಗೆ, ಒಟ್ಟು 26 ಮೂಟೆ.

ಮಣ್ಣಿನ ಪರೀಕ್ಷೆ ಮಾಡದೆ ಯಂತ್ರ ಬಾಡಿಗೆಗೆ ತರಬೇಡಿ. ಮೇಲಿನ ಒಂದಡಿ ಬೇರು, ಗೊಬ್ಬರದ ಮಣ್ಣು ತೆಗೆದು ಕೆಳಗಿನದನ್ನು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳಕ್ಕೆ ಇಳಿಯುತ್ತದೆ. ಜೇಡಿ ಇಳಿಯಲು ಒಂದು ದಿನ ಬೇಕು. ಮರಳಿನ ಪದರ ಮೂರರಲ್ಲಿ ಎರಡು ಭಾಗ, ಜೇಡಿ 10–15% ಇದ್ದರೆ ನೇರ ಬಳಸಬಹುದು. ಜೇಡಿ ಜಾಸ್ತಿ ಇದ್ದರೆ ಕ್ರಷರ್ ಪುಡಿ ಬೆರೆಸಿ ಮತ್ತೆ ಪರೀಕ್ಷಿಸಿ. ಎರೆ ಮಣ್ಣು, ಕೆರೆಗೋಡು ಬೇಡವೇ ಬೇಡ.

ಹದ ನೋಡಲು ಬೆರೆಸಿದ ಮಣ್ಣನ್ನು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ನಾಲ್ಕೈದು ಚೂರಾದರೆ ಸರಿ. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಹೆಚ್ಚಾಯಿತು. ಸಿಮೆಂಟು ಬೆರೆಸಿದ್ದನ್ನು ಅರ್ಧ ಗಂಟೆಯಲ್ಲಿ ಮುಗಿಸುವಷ್ಟೇ ಕಲಸಿ. ಪ್ರತಿ ಇಟ್ಟಿಗೆಗೂ ಮಣ್ಣನ್ನು ತೂಗಿಯೇ ಹಾಕಬೇಕು. ಬುಟ್ಟಿ ಅಂದಾಜಿಗೆ ಬಿಟ್ಟರೆ ಬೆಳಗ್ಗಿನದು ಗಟ್ಟಿ, ಸಂಜೆಯದು ಟೊಳ್ಳು.

ಆಮೇಲೆ 21 ದಿನ ಹುಲ್ಲು ಮುಚ್ಚಿ ನೀರು ಚಿಮುಕಿಸಬೇಕು. ನಿಮ್ಮದು ಭಾನುವಾರದ ತಂಡ. ಸೋಮವಾರದಿಂದ ಶನಿವಾರ ನೀರು ಹಾಕುವವರು ಯಾರು ಎಂದು ಮೊದಲೇ ಹೆಸರು ಬರೆಯಿರಿ. ಕ್ಯೂರಿಂಗ್ ತಪ್ಪಿದ ಮಣ್ಣಿನ ಇಟ್ಟಿಗೆ ಒಂದು ಮಳೆಗೆ ಅಂಚು ಕಳೆದುಕೊಳ್ಳುತ್ತದೆ, ಆಮೇಲೆ ಊರಲ್ಲಿ ಯಾರೂ ಆ ವಿಧಾನದ ಹೆಸರೆತ್ತುವುದಿಲ್ಲ.

ಕರಣೆಗುಂಡು

ಮೇಲಿನವರಿಗೆ ಅಡ್ಡ ಮಾತಲ್ಲ, ಆದರೆ 6 ಮನೆಗೂ ಮಣ್ಣಿಟ್ಟಿಗೆ ಬೇಡ ಅಂತ ನನ್ನ ಅಭಿಪ್ರಾಯ. ಒಂದು ಮನೆಗೆ ಮಾಡಿ ನೋಡಿ. ಬ್ಲಾಕು ಕಟ್ಟಿ ರೂಢಿಯಿರುವ ಮೇಸ್ತ್ರಿಗೆ ಮಣ್ಣಿಟ್ಟಿಗೆ ಕೊಟ್ಟರೆ ನೆನೆಸದೆ ಕಟ್ಟುತ್ತಾನೆ, ಗಾರೆಯ ನೀರನ್ನೆಲ್ಲ ಇಟ್ಟಿಗೆ ಹೀರಿ ಜೋಡು ಪುಡಿಯಾಗುತ್ತದೆ.

ಸ್ವಯಂಸೇವಕರು ಮಾಡಬಹುದಾದ್ದು: ಪಾಯ ತೋಡುವುದು, ಕಲ್ಲು ಬ್ಲಾಕು ಸಾಗಿಸುವುದು, ಮರಳು ಜರಡಿ ಹಿಡಿಯುವುದು, ಪ್ಲಿಂತ್ ಒಳಗೆ ಮಣ್ಣು ತುಂಬಿ ಧಮ್ಮಸ್, ನೀರುಣಿಸುವುದು, ಸುಣ್ಣ ಬಣ್ಣ. ಮುಟ್ಟಬಾರದ್ದು: ಸೆಂಟ್ರಿಂಗ್ (ಸ್ಲ್ಯಾಬಿನ ಅಚ್ಚು, ಆಸರೆ ಕಂಬ ನಿಲ್ಲಿಸುವುದು), ಕಂಬಿ ಕಟ್ಟುವುದು, ವೈರಿಂಗ್, ಮೂಲೆ ಎಬ್ಬಿಸುವುದು. ಮೂಲೆ ತೂಗುಗುಂಡಿಗೆ ಅರ್ಧ ಇಂಚು ತಪ್ಪಿದರೆ ಪ್ಲಾಸ್ಟರಿಂಗ್‌ನಲ್ಲಿ ಮೂರು ಮೂಟೆ ಜಾಸ್ತಿ ಹೋಗುತ್ತದೆ. ಒಂದು ಮನೆಗೆ ಒಂದು ಹೊತ್ತಿಗೆ 8–10 ಜನ ಸಾಕು. 30 ಜನ ಒಂದೇ ಕಡೆ ನಿಂತರೆ ಮೇಸ್ತ್ರಿ ಕೆಲಸ ಬಿಟ್ಟು ನಿಮ್ಮನ್ನು ನೋಡಿಕೊಂಡು ನಿಲ್ಲಬೇಕಾಗುತ್ತದೆ.

ಲಿಂಟಲ್‌ಗೆ ನಿಂತ ಮನೆಯಲ್ಲಿ ಮೇಲಿನ ಸಾಲಿನ ಬ್ಲಾಕುಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಸಡಿಲ ಇದ್ದವನ್ನು ತೆಗೆದು ಹೊಸ ಗಾರೆಯಲ್ಲಿ ಕೂರಿಸಲಿ. ಹೊರಗೆ ಚಾಚಿರುವ ಕಂಬಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಪುಡಿ ತುಕ್ಕು ಹೋದರೆ ಸಾಕು, ಪದರ ಪದರವಾಗಿ ಏಳುತ್ತಿದ್ದರೆ ಬದಲಿಸಬೇಕು.

ಸ್ಲ್ಯಾಬ್ ದಿನ ಏನೇನು ಕೆಡುತ್ತದೆ ಅಂದರೆ, ಮೊದಲನೆಯದು ನೀರು. ಸುಲಭವಾಗಿ ಹರಿಯಲಿ ಅಂತ ಪೈಪು ಹಿಡಿದು ಸುರಿಯುತ್ತಾರೆ. ಎಂ20 ಕಾಂಕ್ರೀಟಿಗೆ ಮೂಟೆಗೆ 30 ಲೀಟರೇ ಮಿತಿ, ಮರಳು ಒದ್ದೆಯಿದ್ದರೆ ಅದಕ್ಕಿಂತ ಕಮ್ಮಿ. ಮಿಕ್ಸರ್ ಪಕ್ಕ ಒಬ್ಬ ಹುಡುಗನನ್ನು ಅಳತೆಯ ಬಕೆಟ್ ಕೊಟ್ಟು ನಿಲ್ಲಿಸಿ, ಬೇರೆ ಯಾವ ಕೆಲಸವೂ ಅವನಿಗೆ ಬೇಡ. ಎರಡನೆಯದು ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ. ಕಂಬಿ ಕೆಳಗೆ 20 ಎಂಎಂ ಕವರ್ ಬ್ಲಾಕ್ ಇರಬೇಕು, ಜಲ್ಲಿ ಚೂರು ಇಡುವುದಲ್ಲ. ಬ್ಲಾಕನ್ನು ಹಿಂದಿನ ವಾರ ನಿಮ್ಮ ತಂಡವೇ ಎರಕ ಹೊಯ್ದು ನೀರಲ್ಲಿ ಹಾಕಿಟ್ಟಿರಬಹುದು. ಮೂರನೆಯದು ಫ್ಯಾನ್ ಬಾಕ್ಸ್ ಮತ್ತು ಕರೆಂಟ್ ಪೈಪು. ಮರೆತರೆ ಆಮೇಲೆ ಸ್ಲ್ಯಾಬ್ ಕೊರೆಯುತ್ತಾರೆ, ಸೋರುವುದು ಅಲ್ಲಿಂದಲೇ. ಮರುದಿನದಿಂದ ಮಣ್ಣಿನ ಬದು ಕಟ್ಟಿ 14 ದಿನ ನೀರು ನಿಲ್ಲಿಸಿ. ಈಗ ಸಿಗುವುದು ಬಹುತೇಕ ಪಿಪಿಸಿ ಸಿಮೆಂಟು, ಗಟ್ಟಿಯಾಗುವುದು ನಿಧಾನ. ಸೆಂಟ್ರಿಂಗ್‌ನವನು ಶೀಟು ಬೇರೆ ಕಡೆ ಬೇಕೆಂದು ಏಳನೇ ದಿನಕ್ಕೆ ಬಂದರೂ 14 ದಿನ ಕಂಬ ಬಿಚ್ಚಿಸಬೇಡಿ.

ಸೋಗೆಮಾಡು

ಮಲೆನಾಡು, ಕರಾವಳಿ ಕಡೆ ಓದುವವರಿಗೆ ಒಂದು ಮಾತು. ಸ್ಲ್ಯಾಬೇ ಆಗಬೇಕೆಂದೇನೂ ಇಲ್ಲ, ಹಂಚಿನ ಮಾಡಿಗೂ ಹಂತ ಪಾಸಾಗುತ್ತದೆ. 3 ಚದರದ ಮನೆಗೆ ಇಳಿಜಾರು, ಮುಂಚಾಚು ಸೇರಿ ಮಾಡಿನ ವಿಸ್ತಾರ 450 ಚದರ ಅಡಿ ಹಿಡಿದರೆ ಮಂಗಳೂರು ಹಂಚು 650 ಬೇಕು, ಮೂಲೆ ಹಂಚು ಬೇರೆ. ಮರದ ಪಕಾಸಿ ಈಗ ದುಬಾರಿ, ಜಿಐ ಪೈಪು ಹಾಕಿ. ಮುಂಚಾಚು ಎರಡಡಿಗಿಂತ ಕಮ್ಮಿ ಬೇಡ, ಗಾಳಿಮಳೆ ಗೋಡೆಗೆ ಹೊಡೆಯುತ್ತದೆ. ಮುರಕಲ್ಲು ಹತ್ತಿರ ಸಿಗುವ ಕಡೆ ಬ್ಲಾಕು ತರಿಸುವುದು ದಂಡ. ಮಂಗನ ಕಾಟ ಇರುವಲ್ಲಿ ಹಂಚಿನ ಕೆಳಗೆ ಜಾಲರಿ ಹಾಕುವುದೋ, ವರ್ಷಕ್ಕೆ 50 ಹಂಚು ಜಾಸ್ತಿ ಇಟ್ಟುಕೊಳ್ಳುವುದೋ ನೀವೇ ತೀರ್ಮಾನಿಸಿ. ಮಂಗಗಳು ಯಾವ ಯೋಜನೆಯ ಫಲಾನುಭವಿಗಳೂ ಅಲ್ಲ.

ಪಾಯ ನವೆಂಬರ್‌ನಲ್ಲಿ ಶುರುವಾದರೆ ಏಪ್ರಿಲ್ ಒಳಗೆ ಮಾಡು ಏರಬೇಕು. ಗೋಡೆ ತಲೆ ತೆರೆದಿಟ್ಟು ಮಳೆಗಾಲ ಕಳೆಯುವ ಯೋಚನೆ ಬೇಡ.

ನೇರಳೆಮರ

ಅಮೆರಿಕದಲ್ಲಿ 1976ರಲ್ಲಿ ಶುರುವಾದ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿಯವರು ಒಂದೇ ವಾರದಲ್ಲಿ ಸಾಲು ಮನೆ ಎಬ್ಬಿಸುತ್ತಾರೆ. 2006ರಲ್ಲಿ ಜಿಮ್ಮಿ ಕಾರ್ಟರ್ ಬಂದಾಗ ಲೋಣಾವಳ ಹತ್ತಿರವೂ 100 ಮನೆ ಕಟ್ಟಿದರು. ನಾವೂ ಹಾಗೆ ‘ಒಂದು ವಾರದಲ್ಲಿ ಆರು ಮನೆ’ ಅಂತ ಮಾಡಿದರೆ ಜನ, ದೇಣಿಗೆ ಎರಡೂ ಸಿಗುವುದಿಲ್ಲವೇ?

ಲೆಕ್ಕದಪುಸ್ತಕ

ಸಿಗಬಹುದು ಮೇಡಂ, ಆದರೆ ಅಲ್ಲಿನ ವ್ಯವಸ್ಥೆಯೇ ಬೇರೆ. ಸಾಮಗ್ರಿ, ನುರಿತ ಮೇಲ್ವಿಚಾರಕರು ಎಲ್ಲ ಮೊದಲೇ ಸಿದ್ಧ ಇರುತ್ತದೆ. ಕುಟುಂಬ ತಾನೂ ನೂರಾರು ಗಂಟೆ ದುಡಿಯುತ್ತದೆ, ಮನೆಯ ಬೆಲೆಯನ್ನು ಅವರಿಗೆ ಕಟ್ಟಲಾಗುವಷ್ಟು ಕಂತಿನಲ್ಲಿ ತೀರಿಸುತ್ತದೆ. ಆ ಕಂತಿನಿಂದ ಮುಂದಿನ ಮನೆಗೆ ದುಡ್ಡು. ಇಲ್ಲಿ ದುಡ್ಡು ಬರುವುದು ಹಂತ ಮುಗಿದ ಮೇಲೆ. ವಾರದ ಉತ್ಸವ ಮಾಡಿದರೆ ಆರೂ ತಳಪಾಯ ಒಟ್ಟಿಗೆ ಏಳುತ್ತವೆ, ಆರೂ ಮನೆಯವರು ಒಟ್ಟಿಗೆ ಸಾಲಕ್ಕೆ ಓಡುತ್ತಾರೆ.

ಅವರಿಂದ ಎರವಲು ಪಡೆಯಬೇಕಾದ್ದು ಆ ತಿರುಗುವ ದುಡ್ಡಿನ ಉಪಾಯ. ಸಂಘದಲ್ಲಿ 60,000 ರೂಪಾಯಿ ಒಟ್ಟಾದರೂ ಸಾಕು. ಅದನ್ನು ದಾನವಾಗಿ ಹಂಚಬೇಡಿ. ಒಂದು ಮನೆಯ ಹಂತ ಮುಗಿಸಲು ಸಿಮೆಂಟು, ಕಬ್ಬಿಣದ ರೂಪದಲ್ಲಿ ಬಡ್ಡಿಯಿಲ್ಲದೆ ಕೊಡಿ. ಆ ಹಂತದ ಕಂತು ಜಮಾ ಆದ ಮೇಲೆ ವಾಪಸ್ ಪಡೆದು ಮುಂದಿನ ಮನೆಗೆ ಹಾಕಿ. ಚೀಟಿಯಲ್ಲಿ ಬರೆದು ಗಂಡ ಹೆಂಡತಿ ಇಬ್ಬರ ಸಹಿ ಇರಲಿ. ಅದಕ್ಕೇ ಆರನ್ನೂ ಒಟ್ಟಿಗೆ ಎಬ್ಬಿಸದೆ ಎರಡೆರಡಾಗಿ ಮಾಡಬೇಕು. ಮೊದಲು ಲಿಂಟಲ್ ಮನೆ ಮತ್ತು ತಳಪಾಯ ಆದ ಒಂದು ಮನೆ. ಅವುಗಳ ಕಂತು ಬೇಗ ಬರುತ್ತದೆ.

ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ತೆಗೆದು ಸ್ಲ್ಯಾಬ್ ಹಾಕುವುದನ್ನು ತಪ್ಪಿಸಿ. ಸರ್ಕಾರದ ಕಂತು ಮೂರು ತಿಂಗಳು ತಡವಾದರೆ ವಾರದ ಕಂತು ಕಾಯುವುದಿಲ್ಲ. ಮಹಿಳಾ ಸ್ವಸಹಾಯ ಸಂಘದ ಒಳಸಾಲ, ಇಲ್ಲವೇ ಬ್ಯಾಂಕ್ ಲಿಂಕೇಜ್ ಸಾಲ ವಾಸಿ. ಪಿಎಂ ಆವಾಸ್ ಮಾರ್ಗಸೂಚಿಯಲ್ಲಿ 70,000ದವರೆಗೆ ಬ್ಯಾಂಕ್ ಸಾಲಕ್ಕೆ ನೆರವಾಗಬೇಕೆಂದಿದೆ. ಆದೇಶದ ಪ್ರತಿ ಹಿಡಿದು ಮ್ಯಾನೇಜರ್ ಹತ್ತಿರ ನೀವೇ ಜೊತೆಗೆ ಹೋಗಿ.

ಪಂಚಾಯ್ತಿಕಟ್ಟೆ

ಎರಡು ವಿಷಯ ಸೇರಿಸುತ್ತೇನೆ. ಮಾರ್ಗಸೂಚಿಯ ಪ್ರಕಾರ ಬಯಲು ಪ್ರದೇಶದ ಮನೆಗೆ 90 ಮಾನವದಿನದ ಕೂಲಿ ಉದ್ಯೋಗ ಖಾತರಿಯಿಂದ ಸೇರುತ್ತದೆ. ಎನ್‌ಎಂಆರ್ (ಕೂಲಿ ಹಾಜರಿ ಪಟ್ಟಿ) ತೆಗೆಸದೆ ಪಾಯ ತೋಡಿದರೆ ಆ ದಿನಗಳ ಕೂಲಿ ಹೋದಂತೆಯೇ, ಹಿಂದಿನ ತಾರೀಕಿಗೆ ಕೊಡುವುದಿಲ್ಲ. ಈಗಿನ ನಿಯಮ, ದರ ಪಂಚಾಯಿತಿಯಲ್ಲಿ ಕೇಳಿ ಆಮೇಲೆ ಗುದ್ದಲಿ ಹಾಕಿ. ಎನ್‌ಎಂಆರ್ ಇರುವ ದಿನ ಮನೆಯವರೇ ದುಡಿಯಬೇಕು. ಅವರ ಹೆಸರಲ್ಲಿ ನಿಮ್ಮ ಹುಡುಗರು ಅಗೆದರೆ ತನಿಖೆಯಲ್ಲಿ ಸಿಕ್ಕಿಕೊಳ್ಳುವುದು ಆ ಕುಟುಂಬ.

ಎರಡನೆಯದು, ಪಿಎಂ ಆವಾಸ್ ಮನೆಯನ್ನು ಗುತ್ತಿಗೆದಾರನಿಗೆ ಒಪ್ಪಿಸುವಂತಿಲ್ಲ. ‘ಕಾರ್ಡು ಕೊಡಿ, ಮನೆ ನಾನೇ ಕಟ್ಟಿಕೊಡ್ತೀನಿ’ ಅನ್ನುವವರನ್ನು ದೂರ ಇಡಿ. ಫೋಟೋ ಏರಿಸಲು ಯಾರಾದರೂ ಕಾಸು ಕೇಳಿದರೆ ಅದಕ್ಕೆ ಶುಲ್ಕವೇ ಇಲ್ಲ ಅನ್ನುವುದು ಮನೆಯವರಿಗೆ ಗೊತ್ತಿರಲಿ.

ಮೂಡಲಪಾಯ

ತುಂಬಾ ಉಪಯೋಗ ಆಯ್ತು. ಶೌಚಾಲಯದ ಬಗ್ಗೆ ಯಾರೂ ಹೇಳಲಿಲ್ಲ. ಮೇಸ್ತ್ರಿ 10 ಅಡಿ ಆಳದ ಒಂದೇ ಗುಂಡಿ ಸಾಕು ಅನ್ನುತ್ತಿದ್ದಾರೆ.

ಕರಣೆಗುಂಡು

ಬೇಡ. ಅಷ್ಟು ಆಳಕ್ಕೆ ಹೋದರೆ ಮಳೆಗಾಲದಲ್ಲಿ ಅಂತರ್ಜಲ ಮುಟ್ಟಿ ಪಕ್ಕದ ಬೋರ್‌ವೆಲ್‌ಗೆ ಕೊಳಕು ಸೇರುತ್ತದೆ; ತುಂಬಿದ ಮೇಲೆ ಖಾಲಿ ಮಾಡಿಸಲು ಟ್ಯಾಂಕರ್ ಒಳಗೆ ಬರುವುದಿಲ್ಲ. ಎರಡು ಗುಂಡಿ ಮಾಡಿಸಿ: ಒಂದೊಂದೂ ಮೂರೂವರೆ ಅಡಿ ಅಗಲ, 4 ಅಡಿ ಆಳ, ನಡುವೆ ಕನಿಷ್ಠ 3–4 ಅಡಿ ಅಂತರ. ಗೋಡೆ ಜೇನುಗೂಡಿನ ಹಾಗೆ ಸಂದು ಬಿಟ್ಟು ಕಟ್ಟಬೇಕು, ತಳಕ್ಕೆ ಕಾಂಕ್ರೀಟ್ ಹಾಕಬಾರದು. ಮುಂದೆ ಒಂದು ಜಂಕ್ಷನ್ ಚೇಂಬರ್, ಒಂದು ಬಾಯಿ ತೆರೆದು ಇನ್ನೊಂದು ಬಾಯಿ ಇಟ್ಟಿಗೆಯಿಟ್ಟು ಮುಚ್ಚಿ. ಮೊದಲನೆಯದು ತುಂಬಿದಾಗ ತಿರುಗಿಸಿದರೆ, ಎರಡು ವರ್ಷ ಬಿಟ್ಟು ಅದರಲ್ಲಿರುವುದು ಒಣಗಿದ ಗೊಬ್ಬರ. ಇಳಿಜಾರು ಹೆಚ್ಚಿರುವ ಗ್ರಾಮೀಣ ಪ್ಯಾನ್ ಕೇಳಿ ತನ್ನಿ, ಒಂದೂವರೆ ಎರಡು ಲೀಟರ್ ನೀರಿಗೆ ಹೋಗುತ್ತದೆ. ಸ್ನಾನದ ನೀರು ಈ ಗುಂಡಿಗೆ ಬಿಡಬೇಡಿ, ಅದಕ್ಕೆ ಬೇರೆ ಇಂಗುಗುಂಡಿ. ಸ್ವಚ್ಛ ಭಾರತದ 12,000ಕ್ಕೆ ಬೇರೆಯೇ ಅರ್ಜಿ, ಆ ಫೋಟೋನೂ ಬೇರೆಯೇ.

ಎರಿಹೊಲ

ಎರಿ ಮಣ್ಣಾಗ ಆ ಗುಂಡಿ ನೀರು ಇಂಗಂಗಿಲ್ರಿ. ಸುತ್ತ ಒಂದು ಫೂಟ್ ದಪ್ಪ ಉಸುಕು, ಗರಸು ಹಾಕಿ ಗುಂಡಿ ಸ್ವಲ್ಪ ದೊಡ್ಡದು ಮಾಡ್ರಿ. ಮನಿ ಪಾಯದಿಂದ 6 ಫೂಟರ ದೂರ ಇರಲಿ, ಇಲ್ಲಾಂದ್ರ ತಳಪಾಯದ ಮಣ್ಣಿಗೆ ನಾವ ನೀರು ಉಣಿಸಿದಂಗ.

ಮೂಡಲಪಾಯ

ಸರಿ. ಈ ವಾರ ಆರೂ ಮನೆಯ ಫೈಲು, ಬ್ಯಾಂಕ್ ಮ್ಯಾಪಿಂಗ್. ಲಿಂಟಲ್ ಮನೆ ಬ್ಲಾಕ್ ಆಗಿದೆಯೇ ಎಂದು ಪಿಡಿಒ ಹತ್ತಿರ ವಿಚಾರಣೆ. ಮುಂದಿನ ಭಾನುವಾರ ಕವರ್ ಬ್ಲಾಕ್ ಎರಕ, ಬಾಟಲಿಯಲ್ಲಿ ಮಣ್ಣಿನ ಪರೀಕ್ಷೆ. ತಳಪಾಯ ಆಗಿರುವ ಎರಡರಲ್ಲಿ ಒಂದು 5 ಚದರ ಇದೆ, ಅದಕ್ಕೇನು ಮಾಡೋಣ?

ಲೆಕ್ಕದಪುಸ್ತಕ

5 ಚದರದ ಮೇಲೆ 3 ಚದರವೇ ಕಟ್ಟಿ. ಉಳಿದ 2 ಚದರದ ತಳಪಾಯದ ತಲೆಗೆ ಒಂದು ಇಂಚು ಗಾರೆ ಬಳಿದು, ಒಳಗೆ ಮಣ್ಣು ತುಂಬಿ ಸದ್ಯಕ್ಕೆ ಜಗುಲಿ ಮಾಡಿಕೊಳ್ಳಲಿ. ಹೊಸದಾಗಿ ಬರುವ ಹೊರಗೋಡೆ ಮಾತ್ರ ಇರುವ ಪಾಯದ ಮೇಲೇ ಕೂರಬೇಕು, ತುಂಬಿದ ಮಣ್ಣಿನ ಮೇಲೆ ಗೋಡೆ ಎಬ್ಬಿಸಬೇಡಿ. ಒಳಗೋಡೆಯ ಪಾಯ ಎಲ್ಲೆಲ್ಲಿದೆ ಅಂತ ಅಳೆದು ಒಂದು ಚಿತ್ರ ಬರೆದು ಇಲ್ಲಿ ಹಾಕಿ, ಯಾವ ಗೆರೆಗೆ ನಿಲ್ಲಿಸಬಹುದು ಅಂತ ನೋಡೋಣ.